ಅಟ್ಟದ ಮೇಲೆ ಹಾಡು ಕಟ್ಟಿದವರು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಇಪ್ಪತ್ತು ವರ್ಷ ಟೆಲಿಫೋನ್ ಕಂಬದ ತುದಿಯಲ್ಲಿ ಕೂತು, ಎರಡು ಕೈಯಲ್ಲೂ ತಂತಿ ಹಿಡಿದು, ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಮಾತಾಡಿದ್ದರ ಗುರುತು ಅದು. ಕಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡು ಒಣಗಿದ ಅಣಬೆಯ ಹಾಗೆ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಗಿಬಿಟ್ಟಿತು. "ನೋಡಂಗಿದ್ರೆ ನೋಡು ಕಣಮ್ಮ, ನಾಚ್ಕೋಬೇಡ. ನಾನು ಕೇಳೋದೆಲ್ಲ ಇದ್ರಲ್ಲೇ. ಇನ್ನೊಂದು ಬರೀ ಜೊತೆಗೆ ಅಂತ ಐತೆ" ಅಂದರು.

ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮದು. ಅವರು ಅಲ್ಲಿ ಮೆಕ್ಯಾನಿಕ್, ನಾನು ಆಪರೇಟರ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಅಪ್ಪ ನೊಣವಿನಕೆರೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದವರು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು. ನನ್ನ ಸಂಬಳವೇ ಮನೆಗೆ ಆಧಾರ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಊರಿನಲ್ಲೇ ಒಬ್ಬ ಅಜ್ಜಿಯ ಮನೆಯ ಮುಂಭಾಗದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅಜ್ಜಿಗೆ ಆರು ಎಕರೆ ತೋಟ, ಹಿಂದುಗಡೆ ಉದ್ದನೆಯ ಕೊಬ್ಬರಿ ಅಟ್ಟ. ಆಕೆಯ ಯಜಮಾನರು ಹೋಗಿ ಎಷ್ಟೋ ವರ್ಷವಾಗಿತ್ತು; ತೋಟ, ಕೂಲಿ, ವ್ಯಾಪಾರ ಎಲ್ಲ ಆಕೆಯೇ ನೋಡಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ ಸಾರ್ ಚಿಕ್ಕನಾಯಕನಹಳ್ಳಿಯವರು. ಹೆಂಡತಿ ಮತ್ತು ತಾಯಿ ಅಲ್ಲೇ ಇದ್ದರು. ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ವಾರವೆಲ್ಲ ಇವರು ಎಕ್ಸ್‌ಚೇಂಜಿನ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು, ಒಂದು ವಾರ ಬಿಟ್ಟು ಒಂದು ವಾರ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುವರು. ಆ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಗೋಡೆ ಪೂರ್ತಿ ಬಿಚ್ಚಿಟ್ಟ ರೇಡಿಯೊಗಳು. ನಡುವೆ ಒಂದು ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಕೆಟ್ಟದ್ದನ್ನು ಕೊಂಡು ತಂದು, ವರ್ಷವೆಲ್ಲ ಕೂತು ರಿಪೇರಿ ಮಾಡಿದ್ದರು.

ಅವರಿಗೆ ಇಂಗ್ಲಿಷ್ ಹಾಡಿನ ಹುಚ್ಚು. ಆದರೆ ಇಂಗ್ಲಿಷ್ ಬರುತ್ತಿದ್ದುದು ಅಷ್ಟಕ್ಕಷ್ಟೇ. ಇಲಾಖೆಯ ಟ್ರೈನಿಂಗಿಗೆ ಅಂತ ಉತ್ತರ ಭಾರತದ ಕಡೆ ಹೋಗಿದ್ದಾಗ, ಕೋಲಾರದ ಚಿನ್ನದ ಗಣಿ ಕಡೆಯ ಒಬ್ಬ ಆಂಗ್ಲೋ ಇಂಡಿಯನ್ ಹುಡುಗ ಇವರ ಕೋಣೆಯಲ್ಲಿದ್ದನಂತೆ. ಅವನ ಹತ್ತಿರ ಒಂದು ಗ್ರಾಮಫೋನು, ಮೂವತ್ತು ರೆಕಾರ್ಡು. ಒಂಬತ್ತು ತಿಂಗಳು ಅದೇ ಮೂವತ್ತನ್ನು ಕೇಳಿದರು. ರೆಕಾರ್ಡಿನ ರಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಿದ್ದುದನ್ನು ಅವನ ಕೈಲಿ ಓದಿಸಿ ಅರ್ಥ ಕೇಳಿದರು. ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಹಳೇ ಪೇಪರಿನವರ ಹತ್ತಿರ ಹಾಡಿನ ವಿಷಯದ ಇಂಗ್ಲಿಷ್ ಪತ್ರಿಕೆಗಳನ್ನು ಹುಡುಕಿ ತರುತ್ತಿದ್ದರು. ಗೊತ್ತಾಗದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಊರಿನ ಹೈಸ್ಕೂಲ್ ಮೇಷ್ಟ್ರ ಹತ್ತಿರ ಹೋಗಿ ಕೇಳುವರು.

ಹಾಡಿನ ಅರ್ಥ ಅವರಿಗೆ ಮುಖ್ಯವಾಗಿರಲಿಲ್ಲ. ಅದನ್ನು ಹೇಗೆ ಮಾಡಿದರು ಅನ್ನುವುದೇ ಮುಖ್ಯ. ಮಧ್ಯಾಹ್ನ ಎರಡರಿಂದ ಮೂರರವರೆಗೆ, ಕರೆ ಜೋಡಿಸುವ ನಮ್ಮ ಬೋರ್ಡು ಸುಮ್ಮನಿರುತ್ತಿತ್ತು. ಕೊಬ್ಬರಿ ವ್ಯಾಪಾರಿಗಳು ಊಟ ಮಾಡಿ ಮಲಗುವ ಹೊತ್ತು. ಆಗ ಅವರು ಟೀ ಲೋಟ ಹಿಡಿದು ಬಂದು ಸ್ಟೂಲಿನ ಮೇಲೆ ಕೂತು ಶುರು ಮಾಡುತ್ತಿದ್ದರು.

"ಇಂಗ್ಲೆಂಡಿನಾಗೆ ನಾಕು ಜನ ಹುಡುಗ್ರು ಕಣಮ್ಮ. ನಮ್ಮ ಮಂಡಿ ಹಮಾಲರ ಮಕ್ಕಳಂಗೇ. ಡೊಳ್ಳು ಬಾರಿಸೋನ ಸದ್ದು ಜಾಸ್ತಿಯಾಗಿ ಹಾಡೋನ ದನಿ ಮುಳುಗ್ತಾ ಐತೆ. ಏನ್ ಮಾಡ್ತಾರೆ? ಡೊಳ್ಳಿನೊಳಕ್ಕೆ ಕಂಬಳಿ ತುರುಕ್ತಾರೆ. ಹೊಸ ಸೌಂಡು ಬತ್ತದೆ. ಕೇಳಿದ ಜನ ಇದೇನೋ ಹೊಸ ವಾದ್ಯ ಅಂತಾರೆ. ಅದು ಕಂಬಳಿ!"

ಇನ್ನೊಂದು ದಿನ, ಮೆಟ್ಟಿಲ ಕೆಳಗೆ ಹಾಡುವವನನ್ನು ನಿಲ್ಲಿಸಿ ಮೆಟ್ಟಿಲ ಮೇಲೆ ಮೈಕಿಟ್ಟು ಪ್ರತಿಧ್ವನಿ ಹಿಡಿದವರ ಕಥೆ. ಮತ್ತೊಂದು ದಿನ, ಎರಡು ಸಲ ಹಾಡಿದ್ದರಲ್ಲಿ ಒಂದರ ಮೊದಲರ್ಧ, ಇನ್ನೊಂದರ ಕೊನೆಯರ್ಧ ಚೆನ್ನಾಗಿ ಬಂದಾಗ, ಶೇವಿಂಗ್ ಬ್ಲೇಡಿನಲ್ಲಿ ಟೇಪು ಕತ್ತರಿಸಿ ಅಂಟಿಸಿದವನ ಕಥೆ. ಸ್ಪೀಕರಿನ ರಟ್ಟು ಹರಿದು ಗಿಟಾರಿನ ದನಿ ಒಡೆದುಹೋದಾಗ, "ಇದೇ ಇರ್ಲಿ, ಇದೇ ಚೆನ್ನಾಗೈತೆ" ಅಂದವನ ಕಥೆ. ಹೆಸರುಗಳನ್ನು ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಎಲ್ಲದರ ಕೊನೆಗೂ ಒಂದೇ ಮಾತು: "ಹಾಡು ದೇವ್ರು ಕೊಡೋದಲ್ಲ ಕಣಮ್ಮ. ಕೆಟ್ಟಿದ್ದನ್ನ ರಿಪೇರಿ ಮಾಡ್ತಾ ಮಾಡ್ತಾ ಹುಟ್ಟೋದು."

ನನಗೆ ಹಾಡುವ ಆಸೆ ಚಿಕ್ಕಂದಿನಿಂದ ಇತ್ತು. ಆದರೆ ದನಿ ಸಣ್ಣದು. ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ಹುಡುಗಿಯರನ್ನು ಆರಿಸುವಾಗ ಸಂಗೀತದ ಟೀಚರ್, "ನಿನ್ನ ದನಿ ಎರಡನೇ ಸಾಲಿಗೂ ಕೇಳಲ್ಲ, ಹೋಗಿ ಕೂತ್ಕೊ" ಅಂದಿದ್ದರು. ಅವತ್ತಿನಿಂದ ನಾನು ಬಾಯಿ ಬಿಟ್ಟು ಹಾಡಿರಲಿಲ್ಲ. ಈ ಕಥೆಯನ್ನು ಒಂದು ಮಧ್ಯಾಹ್ನ ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಟೀ ಲೋಟ ಕೆಳಗಿಟ್ಟರು.

"ಆಯಮ್ಮ ಹೇಳಿದ್ದು ತಪ್ಪಲ್ಲ. ನಿಂದು ಸ್ಟೇಜಿಗೆ ಆಗೋ ದನಿ ಅಲ್ಲ. ಆದ್ರೆ ಸ್ಟೇಜು ಬೇರೆ, ಮೈಕು ಬೇರೆ. ಸ್ಟೇಜಿನಾಗೆ ಸಾವಿರ ಜನದ ಕಿವಿಗೆ ಹೋಗ್ಬೇಕು. ಮೈಕಿನಾಗೆ ಒಂದು ಕಿವಿಗೆ ಹೋದ್ರೆ ಸಾಕು. ದಿನಾ ಕಂಬದ ಮೇಲೆ ಕೂತ್ಕೊಂಡು ನಿನ್ನ ದನಿ ಕೇಳ್ತೀನಿ ನಾನು. ನೀನು 'ನಂಬರ್ ಹೇಳಿ' ಅಂದ್ರೆ ಪಕ್ಕದಾಗೇ ಕೂತು ಹೇಳ್ದಂಗಿರ್ತದೆ."

ನನ್ನ ದನಿಯ ಬಗ್ಗೆ ಯಾರೂ ಒಳ್ಳೆಯ ಮಾತಾಡಿರಲಿಲ್ಲ. ಬೋರ್ಡಿನ ಕಡೆ ತಿರುಗಿ ಸುಮ್ಮನೆ ಒಂದು ಪ್ಲಗ್ಗು ಎಳೆದು ಮತ್ತೆ ಹಾಕಿದೆ.

ಹಾಡು ಹುಟ್ಟಿದ್ದು ಆ ಬೋರ್ಡಿನಿಂದಲೇ. ಆಗ ಟ್ರಂಕ್ ಕಾಲ್ ಅಂದರೆ ಮೂರು ನಿಮಿಷ. ಮೂರು ನಿಮಿಷವಾಯಿತು ಅಂತ ಹೇಳುವುದು, ಲೈನು ಸರಿಯಿದೆಯೇ ಅಂತ ನಡುನಡುವೆ ಕೇಳುವುದು ನನ್ನ ಕೆಲಸ. ಬೆಳಗ್ಗಿನಿಂದ ಕಾದು, ಸಾಯಂಕಾಲ ಲೈನು ಸಿಕ್ಕಿ, ಮುಂಬೈಯಲ್ಲಿರುವ ಮಗನ ಹತ್ತಿರ ಮಾತಾಡಲು ನಿಂತ ತಾಯಿ ಏನು ಹೇಳುತ್ತಾಳೆ? "ಊಟ ಆಯ್ತಾ?" ಅನ್ನುತ್ತಾಳೆ. ಅವನು "ಹೂಂ, ಮಳೆ ಬಂತಾ?" ಅನ್ನುತ್ತಾನೆ. ಆಮೇಲೆ ಇಬ್ಬರೂ "ಕೇಳಿಸ್ತಾ? ಕೇಳಿಸ್ತಾ?" ಅಂತಲೇ ಉಳಿದದ್ದನ್ನು ಮುಗಿಸುತ್ತಾರೆ. ಯಾರು ಮಾತಾಡಿದರೂ ಇಷ್ಟೇ. ಇದನ್ನು ಮೆಕ್ಯಾನಿಕ್ ಸಾರ್‌ಗೆ ಹೇಳಿದಾಗ, "ಅಷ್ಟನ್ನೇ ಬರಿ, ಒಂದಕ್ಷರ ಜಾಸ್ತಿ ಸೇರಿಸಬೇಡ" ಅಂದರು. ಟ್ರಂಕ್ ಕಾಲ್ ಬರೆದುಕೊಂಡು ಬಳಸಿ ಬಿಟ್ಟ ಟಿಕೆಟ್ ಹಾಳೆಯ ಹಿಂದೆ ಬರೆದೆ:

ಊಟ ಆಯ್ತಾ, ಮಳೆ ಬಂತಾ,
ಹಸು ಕರು ಹಾಕಿತಾ?
ಮೂರೇ ನಿಮಿಷ ಮಾತು ನಮ್ದು,
ಕೇಳಿಸ್ತಾ, ಕೇಳಿಸ್ತಾ?

ಅವರ ಹತ್ತಿರ ಒಂದು ಬುಲ್‌ಬುಲ್ ತರಂಗ್ ಇತ್ತು. ಟೈಪ್‌ರೈಟರಿನಂಥ ಗುಂಡಿಗಳನ್ನು ಒತ್ತಿ ತಂತಿ ಮೀಟುವ ವಾದ್ಯ. ಅದರಲ್ಲಿ ಒಂದು ಗುಂಡಿ ಮುರಿದಿತ್ತು. ಆ ಸ್ವರ ಬರುವ ಕಡೆ ಅವರು ದಾಟಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ನಮ್ಮ ಹಾಡಿನಲ್ಲಿ "ಮಳೆ" ಅನ್ನುವ ಕಡೆ ರಾಗ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಆಮೇಲೆ ಎಷ್ಟೋ ಜನ ಆ ಜಿಗಿತ ಎಷ್ಟು ಚೆನ್ನಾಗಿದೆ ಅಂತ ನನಗೆ ಹೇಳಿದ್ದಾರೆ. ಅದು ಮುರಿದ ಗುಂಡಿ.

ಆದರೆ ಅವರ ಮನಸ್ಸಿನಲ್ಲಿದ್ದದ್ದು ಕರೆಂಟ್ ಗಿಟಾರಿನ ಸದ್ದು. "ಟೆಲಿಫೋನ್ ರಿಸೀವರ್ ಒಳಗೆ ಅಯಸ್ಕಾಂತ ಇರ್ತದೆ, ಸುತ್ತ ತಂತಿ ಸುರುಳಿ ಇರ್ತದೆ. ಅಂಥವು ಎರಡು ಸಿಕ್ಕಿದ್ರೆ, ಬಿಚ್ಚಿ ಈ ತಂತಿಗಳ ಕೆಳಗೆ ಕೂರಿಸಿ ರೇಡಿಯೊಗೆ ಕೊಟ್ರೆ, ಇದೂ ಗಿಟಾರಿನಂಗೇ ಕೂಗ್ತದೆ" ಅಂದರು.

"ಪೆಟ್ಟಿಗೆಯಲ್ಲಿ ಅಷ್ಟೊಂದು ಬಿದ್ದಿವೆಯಲ್ಲ ಸಾರ್" ಅಂದೆ. ಕೆಟ್ಟ ಫೋನುಗಳ ಬಿಡಿಭಾಗಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದರು. ಆಗಾಗ ಅದನ್ನು ಮೇಲಿನ ಆಫೀಸಿಗೆ ವಾಪಸು ಕಳಿಸಬೇಕಿತ್ತು.

"ಅದು ನಮ್ದಲ್ಲ ಕಣಮ್ಮ. ಕೆಟ್ಟಿದ್ರೂ ಸರ್ಕಾರದ್ದೇ" ಅಂದರು.

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಆ ಸದ್ದು ಹೇಗಿರಬಹುದು ಅಂತ ಎರಡು ದಿನ ಯೋಚಿಸಿದೆ. ಮೂರನೇ ದಿನ ಅವರು ಕಂಬ ಹತ್ತಲು ಹೋದಾಗ ಪೆಟ್ಟಿಗೆಯಿಂದ ಎರಡು ರಿಸೀವರ್ ತೆಗೆದು ಬುತ್ತಿಯ ಚೀಲಕ್ಕೆ ಹಾಕಿಕೊಂಡೆ. ಭಾನುವಾರ ಕಳೆದ ಮೇಲೆ, ತಿಪಟೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು ಅಂತ ಅವರ ಮುಂದಿಟ್ಟೆ. ಅವರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಒತ್ತಿದ್ದ ಇಲಾಖೆಯ ನಂಬರನ್ನು ಬೆರಳಲ್ಲಿ ಸವರಿದರು. ನನ್ನ ಮುಖ ನೋಡಿದರು. "ಗುಜರಿಯವ್ನು ಒಳ್ಳೇ ಮಾಲೇ ಇಟ್ಟವ್ನೆ" ಅಂದು ಸ್ಕ್ರೂ ಬಿಚ್ಚತೊಡಗಿದರು.

ಎಲ್ಲಿ ರೆಕಾರ್ಡ್ ಮಾಡುವುದು ಅನ್ನುವುದು ಮುಂದಿನ ಪ್ರಶ್ನೆ. ಹೋದಲ್ಲೆಲ್ಲ ಒಂದು ಚಪ್ಪಾಳೆ ತಟ್ಟಿ ಆ ಜಾಗದ ದನಿ ಕೇಳುವುದು ಅವರ ಅಭ್ಯಾಸ. ದೇವಸ್ಥಾನದಲ್ಲೂ ತಟ್ಟುವರು, ಬ್ಯಾಂಕಿನಲ್ಲೂ ತಟ್ಟುವರು. ಅವರ ಕೋಣೆಯಲ್ಲಿ ಸಿಮೆಂಟಿನ ಗೋಡೆ, ಶೀಟಿನ ಸೂರು, ಚಪ್ಪಾಳೆ ತಟ್ಟಿದರೆ ಡಬ್ಬಿಯೊಳಗೆ ಕಲ್ಲು ಹಾಕಿದ ಹಾಗೆ ಕೇಳುತ್ತಿತ್ತು. ಹೈಸ್ಕೂಲಿನ ಹಾಲು ಇನ್ನೂ ಕೆಟ್ಟದು. ಒಂದು ಸಾಯಂಕಾಲ ನಮ್ಮ ಮನೆ ಅಜ್ಜಿಯ ರೇಡಿಯೊ ರಿಪೇರಿಗೆ ಅಂತ ಬಂದವರು, ಅಜ್ಜಿ ಅಟ್ಟದ ಮೇಲಿದ್ದಾರೆ ಅಂತ ಏಣಿ ಹತ್ತಿ ಹೋದರು. ಹೋದವರು ಅಭ್ಯಾಸದಂತೆ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನು ಕೂಗಿದ ರೀತಿಗೆ ಯಾರಿಗೋ ಹಾವು ಕಚ್ಚಿತು ಅಂದುಕೊಂಡು ಓಡಿದೆ.

ಅಟ್ಟದ ತುಂಬ ಮೂರು ಕಡೆ ಗೋಡೆಯೆತ್ತರಕ್ಕೆ ಕಾಯಿ ಪೇರಿಸಿತ್ತು. ಸಿಪ್ಪೆ ಸಮೇತ ಒಂದು ವರ್ಷ ಹಾಗೇ ಇದ್ದು, ನೀರಿಂಗಿ, ಒಳಗೇ ಉಂಡೆ ಕೊಬ್ಬರಿ ಆಗಬೇಕಾದ ಕಾಯಿಗಳು. "ತಟ್ಟು" ಅಂದರು. ತಟ್ಟಿದೆ. ಸದ್ದು ಅಂಗೈಯಲ್ಲೇ ಸತ್ತುಹೋಯಿತು. ಸುತ್ತಲಿದ್ದ ನಾರು ಅಷ್ಟನ್ನೂ ಕುಡಿದುಬಿಟ್ಟಿತ್ತು.

"ಇಂಥ ಕೋಣೆ ಕಟ್ಟಕ್ಕೆ ಅವ್ರು ಅಲ್ಲಿ ಎಷ್ಟು ಒದ್ದಾಡ್ತಾರೆ ಗೊತ್ತಾ? ಅಜ್ಜಿ, ನೀವು ಸ್ಟುಡಿಯೋ ಇಟ್ಕೊಂಡಿದೀರ ಕಣ್ರೀ!"

"ಅದೇನಿಟ್ಕೊಂಡಿದೀನೋ ನಂಗೊತ್ತಿಲ್ಲ ಕಣಪ್ಪ. ಮೊದ್ಲು ರೇಡಿಯೋ ನೋಡು" ಅಂದರು ಅಜ್ಜಿ. ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದ್ದರೆ ಒಳಗೆ ಲೊಡಲೊಡ ಅನ್ನುತ್ತದೆ. ಮೆಕ್ಯಾನಿಕ್ ಸಾರ್ ಆ ಸದ್ದು ಕೇಳಿ, ರೇಡಿಯೊ ವಿಷಯ ಮರೆತು, "ಇನ್ನೊಂದ್ಸಲ ಅಲ್ಲಾಡಿಸಿ" ಅಂದರು. ಹೀಗೆ ನಮ್ಮ ಹಾಡಿಗೆ ತಾಳದವರೂ ಸಿಕ್ಕಿದರು.

ಒಂದು ಭಾನುವಾರ ಮಧ್ಯಾಹ್ನ, ಪಕ್ಕದ ಹಿಟ್ಟಿನ ಗಿರಣಿಯ ಸದ್ದು ನಿಂತಿದ್ದ ಹೊತ್ತಿನಲ್ಲಿ, ರೆಕಾರ್ಡ್ ಮಾಡಿದೆವು. ನಾನು ಕಾಯಿ ರಾಶಿಯ ನಡುವೆ ಗೋಣಿಚೀಲದ ಮೇಲೆ ಕೂತಿದ್ದೆ. ಮೈಕನ್ನು ನನ್ನ ಬಾಯಿಗೆ ಒಂದು ಗೇಣು ದೂರದಲ್ಲಿ ಕಟ್ಟಿದ್ದರು. ಆರು ಹೆಜ್ಜೆ ಆಚೆ ಅಜ್ಜಿ, ಎರಡು ಕೈಯಲ್ಲಿ ಎರಡು ಕಾಯಿ. ಬುಲ್‌ಬುಲ್ ತರಂಗ್ ಮೆಕ್ಯಾನಿಕ್ ಸಾರ್ ತೊಡೆಯ ಮೇಲೆ, ಅದರಿಂದ ರೇಡಿಯೊಗೆ ತಂತಿ. ಆ ರೇಡಿಯೊದ ಸ್ಪೀಕರ್ ಹಳೆಯದು, ಸ್ವಲ್ಪ ಹರಿದಿತ್ತು. ಸ್ವರ ಅಂಚಿನಲ್ಲಿ ಗೊರಗೊರ ಅನ್ನುತ್ತಿತ್ತು. ಅದನ್ನು ಬದಲಾಯಿಸಲಿಲ್ಲ. ಅಜ್ಜಿ ಮೊದಲ ಎರಡು ಸಲ ಹಾಡು ಮುಗಿದ ಮೇಲೂ ಅಲ್ಲಾಡಿಸುತ್ತಲೇ ಇದ್ದರು. ಮೂರನೇ ಸಲ ಬಸ್ಸಿನ ಹಾರನ್. ನಾಲ್ಕನೇ ಸಲ ನಾನು ಗಂಟಲು ಬಿಗಿದು ಜೋರಾಗಿ ಹಾಡಲು ಹೋಗಿ ಅಪಸ್ವರ ಬಂತು.

ಅವರು ಟೇಪು ನಿಲ್ಲಿಸಿದರು. "ಯಾರಿಗೆ ಕೇಳಿಸ್ಬೇಕು ಅಂತ ಕಿರುಚ್ತಾ ಇದೀಯ? ಇಲ್ಲಿ ಸ್ಕೂಲೂ ಇಲ್ಲ, ಎರಡನೇ ಸಾಲೂ ಇಲ್ಲ. ಬೋರ್ಡಿನ ಮುಂದೆ ಕೂತಿದೀಯ ಅಂದ್ಕೊ. ಆ ಕಡೆ ಒಬ್ರೇ ಅವ್ರೆ. ಅವ್ರಿಗೆ ಹೇಳು."

ಕಣ್ಣು ಮುಚ್ಚಿ ಹೇಳಿದೆ. ಹಾಡಿದೆ ಅನ್ನುವುದಕ್ಕಿಂತ ಹೇಳಿದೆ ಅನ್ನುವುದೇ ಸರಿ. ಕೊನೆಯ "ಕೇಳಿಸ್ತಾ" ಮಾತ್ರ, ರಾಗಿ ತುಂಬುವ ದೊಡ್ಡ ಮಣ್ಣಿನ ಗುಡಾಣವನ್ನು ಪಕ್ಕದಲ್ಲಿ ತಂದಿಟ್ಟು, ಅದರೊಳಕ್ಕೆ ತಲೆ ಹಾಕಿ ಹಾಡಿಸಿದರು. ದೂರದೂರಿನಿಂದ ಯಾರೋ ಕೂಗಿದ ಹಾಗೆ ಬಂತು. ಅದು ಮುಗಿಯುವ ಹೊತ್ತಿಗೆ ರಾಶಿಯಿಂದ ಒಂದು ಕಾಯಿ ಜಾರಿ ಗುಡುಗುಡು ಉರುಳಿತು. ನಾನು ಹಣೆ ಚಚ್ಚಿಕೊಂಡೆ. ಅವರು ಟೇಪು ಹಿಂದಕ್ಕೆ ಸುತ್ತಿ, ಎಡಗಿವಿ ಕೊಟ್ಟು ಪೂರ್ತಿ ಕೇಳಿ, ಕಣ್ಣೊರೆಸಿಕೊಂಡರು. "ಆ ಕಾಯೂ ಇರ್ಲಿ ಬುಡು" ಅಂದರು.

ತಿಪಟೂರಿನಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯವರೊಬ್ಬರು ಅವರಿಗೆ ಸ್ನೇಹಿತರು. ಅವರು ಅದನ್ನು ಕೇಳಿ ಒಂದು ಪ್ರತಿ ಇಟ್ಟುಕೊಂಡರು. ಆರು ತಿಂಗಳೊಳಗೆ ಮಾಯಸಂದ್ರದ ಕಡೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನನ್ನ ದನಿ ನನಗೇ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ "ಊಟ ಆಯ್ತಾ, ಮಳೆ ಬಂತಾ" ಅಂತ ಹೇಳಿಕೊಳ್ಳುತ್ತಿದ್ದಳು. ನಾನು ಇಳಿಯಬೇಕಾದ ಊರು ದಾಟಿಹೋಯಿತು. ಮದುವೆ ಮನೆಗಳಲ್ಲಿ ಹಾಕಿದರು. ಅಮ್ಮಸಂದ್ರದ ಕಡೆಯ ಒಂದು ಆರ್ಕೆಸ್ಟ್ರಾದವರು ಹಾಡಿದರು. ಅಜ್ಜಿ ಬಂದವರಿಗೆಲ್ಲ, "ಕಾಯಿ ಬಾರ್ಸಿರೋದು ನಾನೇ ಕಣ್ರೀ" ಅಂತ ಹೇಳಿಕೊಳ್ಳುತ್ತಿದ್ದರು.

ಅದಾದ ಮೇಲೆ ಮೇಲಿನ ಆಫೀಸಿಗೆ ಯಾರೋ ಹೆಸರಿಲ್ಲದ ಪತ್ರ ಬರೆದರು. ಆಪರೇಟರ್ ಹುಡುಗಿ ಜನರ ಗುಟ್ಟಿನ ಮಾತು ಕದ್ದು ಕೇಳಿ ಹಾಡು ಮಾಡಿದ್ದಾಳೆ, ಅದಕ್ಕೆ ಸರ್ಕಾರದ ಸಾಮಾನು ಬಳಸಿದ್ದಾರೆ ಅಂತ. ಯಾರು ಬರೆದರು ಅಂತ ಇವತ್ತಿಗೂ ಗೊತ್ತಿಲ್ಲ. ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಒಳ್ಳೆಯ ಮನುಷ್ಯರು. ಹಾಡನ್ನು ಹಾಕಿಸಿ ಕೇಳಿದರು.

"ದನಿ ನಿಮ್ಮದೇನಮ್ಮ?"

"ಹೌದು ಸಾರ್."

"ಮಾತು ಯಾರದು?"

"ಎಲ್ಲರದೂ ಸಾರ್. ಎಲ್ಲರೂ ಇದನ್ನೇ ಮಾತಾಡ್ತಾರೆ."

ಅವರು ನಕ್ಕರು. ಇದರಲ್ಲಿ ಯಾರ ಗುಟ್ಟೂ ಇಲ್ಲ, ನಮ್ಮ ಮನೆಯಲ್ಲೂ ಇದೇ ಮಾತು ಅಂತ ಆ ಭಾಗವನ್ನು ಅಲ್ಲಿಗೇ ಮುಗಿಸಿದರು. ಆಮೇಲೆ ಪೆಟ್ಟಿಗೆ ತೆಗೆಸಿದರು. ಪಟ್ಟಿಯ ಪ್ರಕಾರ ಇರಬೇಕಾದ್ದರಲ್ಲಿ ಎರಡು ರಿಸೀವರ್ ಇರಲಿಲ್ಲ.

"ಇದನ್ನ ಯಾರು ತಗೊಂಡಿದ್ದು?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಅಷ್ಟರಲ್ಲಿ ಮೆಕ್ಯಾನಿಕ್ ಸಾರ್ ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್. ಹಾಡಿಗೆ ಬೇಕಾಗಿತ್ತು, ತಗೊಂಡೆ" ಅಂದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತೇನಮ್ಮ?"

ಅಮ್ಮನ ಮುಖ ಕಣ್ಣ ಮುಂದೆ ಬಂತು, ತಂಗಿಯರ ಮುಖ ಬಂತು, ಖಾಯಮಾತಿಯ ಕಾಗದಕ್ಕೆ ಇನ್ನೂ ನಾಲ್ಕು ತಿಂಗಳಿರುವುದು ಬಂತು. "ಇಲ್ಲ ಸಾರ್" ಅಂದೆ.

ಮೆಕ್ಯಾನಿಕ್ ಸಾರ್ ನನ್ನ ಕಡೆ ನೋಡಲಿಲ್ಲ. ಅವರಿಗೆ ಒಂದು ಇನ್‌ಕ್ರಿಮೆಂಟ್ ತಡೆದರು, ರಾಯಚೂರಿನ ಕಡೆಗೆ ವರ್ಗ ಮಾಡಿದರು. ಹೊರಡುವ ದಿನ ಟೇಪ್ ರೆಕಾರ್ಡರನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದರು. ನಾನು ಅಳುತ್ತಾ ನಿಂತಿದ್ದೆ. "ಡ್ಯೂಟಿ ಬುಟ್ಟು ಯಾಕೆ ಬಂದೆ? ಹೋಗು, ಬೋರ್ಡು ನೋಡ್ಕೊ" ಅಂತ ಗದರಿದರು.

ನನ್ನ ಕೆಲಸ ಖಾಯಂ ಆಯಿತು. ಆ ಕ್ಯಾಸೆಟ್ಟು ಕೇಳಿದ್ದ ಒಬ್ಬರ ಮೂಲಕ ಬೆಂಗಳೂರಿನಲ್ಲಿ ಭಾವಗೀತೆ ಕ್ಯಾಸೆಟ್ಟಿನ ಕೋರಸ್ಸಿಗೆ ಕರೆ ಬಂತು. ಆಮೇಲೆ ಒಂದೆರಡು ಹಾಡು ನನ್ನದೇ ದನಿಯಲ್ಲಿ ಬಂದವು. ಅವರು ರಾಯಚೂರಿನ ಕಡೆಯಿಂದ ಕಾರ್ಡು ಬರೆಯುತ್ತಿದ್ದರು. ಕ್ಷೇಮ ಸಮಾಚಾರ ಒಂದೇ ಸಾಲು, ಉಳಿದದ್ದೆಲ್ಲ ಪ್ರಶ್ನೆ: ಸ್ಟುಡಿಯೋದಲ್ಲಿ ಮೈಕು ಎಷ್ಟು ದೂರ ಇಡುತ್ತಾರೆ, ಗೋಡೆಗೆ ಏನು ಹೊಡೆದಿದ್ದಾರೆ, ತಬಲದವರನ್ನು ಬೇರೆ ಕೂರಿಸುತ್ತಾರಾ? ಗೋಡೆಗೆ ತೆಂಗಿನ ನಾರಿನ ಹಾಸು ಹೊಡೆದಿದ್ದಾರೆ ಅಂತ ಬರೆದೆ. "ನಾವು ಕಾಯಿ ಸಮೇತ ಹೊಡೆದಿದ್ದೆವು" ಅಂತ ಉತ್ತರ ಬಂತು.

ಎರಡು ವರ್ಷದ ಮೇಲೆ ಅವರಿಗೆ ಚಿಕ್ಕನಾಯಕನಹಳ್ಳಿಗೇ ವರ್ಗವಾಯಿತು. ಆಮೇಲೊಮ್ಮೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ತಲೆ ಬೆಳ್ಳಗಾಗಿತ್ತು. ನಾನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ತೊದಲುತ್ತಾ ಹೇಳಿದೆ. ತಪ್ಪು ನನ್ನದು, ನೀವು ಯಾಕೆ ಹೊತ್ತುಕೊಂಡಿರಿ ಅಂದೆ.

"ಪೆಟ್ಟಿಗೆ ಬೀಗದಕೈ ಯಾರತ್ರ ಇತ್ತು? ನನ್ನತ್ರ. ಬೀಗ ಹಾಕ್ದೇ ಇದ್ದೋನು ನಾನು. ನೀನು ತಂದಿಟ್ಟಾಗ್ಲೇ ನಂಗೆ ಗೊತ್ತಾಯ್ತು. ವಾಪಸ್ ಇಟ್ಟು ಬಾ ಅಂತ ಹೇಳ್ಬೋದಿತ್ತು, ಹೇಳ್ಲಿಲ್ಲ. ಆ ಸೌಂಡ್ ಕೇಳೋ ಆಸೆ ನಂಗೂ ಇತ್ತು ಕಣಮ್ಮ. ಅಲ್ಲಿಗೆ ಸರಿಹೋಯ್ತು ಬುಡು. ಹಾಡಿನ ಕಥೆ ಯಾರಾದ್ರೂ ಕೇಳಿದ್ರೆ ಅಟ್ಟ ಹೇಳು, ಕಾಯಿ ಹೇಳು, ಗುಡಾಣ ಹೇಳು. ಉಳಿದಿದ್ದು ಯಾಕೆ?"

ನಾನು ಹಗುರಾಗಿ ಬಸ್ಸು ಹತ್ತಿದೆ. ಆಮೇಲೆ ಯಾರು ಕೇಳಿದರೂ ಅವರು ಹೇಳಿದ ಹಾಗೆಯೇ ಹೇಳುತ್ತಾ ಬಂದೆ. ಅಟ್ಟ, ಕಾಯಿ, ಗುಡಾಣ. ಜನ ನಗುತ್ತಿದ್ದರು, ಮೆಚ್ಚುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ಕಾಮಾಲೆಯಾಗಿ ತೀರಿಕೊಂಡರು. ನಾಟಿ ಔಷಧಿ ಅಂತ ಹದಿನೈದು ದಿನ ಕಳೆದು, ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತಂತೆ. ನಾನಾಗ ತಿಪಟೂರಿನ ಟ್ರಂಕ್ ಬೋರ್ಡಿನಲ್ಲಿದ್ದೆ. ನನಗೆ ಸುದ್ದಿ ಗೊತ್ತಾದದ್ದೇ ಹನ್ನೊಂದನೇ ದಿನದ ಆರಾಧನೆಯೂ ಮುಗಿದ ಮೇಲೆ. ಒಂದು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು. ನಡುಮನೆಯಲ್ಲಿ ಚಾಪೆ ಹಾಕಿ ಕೂರಿಸಿ ನೀರು ಕೊಟ್ಟರು.

"ನಿಮ್ಮ ಹೆಸ್ರು ಹೇಳ್ತಿದ್ರು. ಆ ಹಾಡಿನ ಕಥೇನ ಮನೆಗೆ ಬಂದೋರ್ಗೆಲ್ಲ ಹೇಳೋರು" ಅಂದರು. ಆಮೇಲೆ ಚಾಪೆಯ ಅಂಚು ಕೀಳುತ್ತಾ, "ಹಾಡು, ರೇಡಿಯೋ, ಅದೇ ಆಯ್ತು ಅವ್ರ್‌ದು. ಅತ್ತೆ ಹಾಸಿಗೆ ಹಿಡ್ದಿದ್ರು. ಅಂಥಾದ್ರಲ್ಲಿ, ಇಲ್ಲಿ ಬ್ಯಾಸ್ರ ಆಯ್ತು, ಬೇರೆ ಸೀಮೆ ನೋಡ್ಬೇಕು ಅಂತ ತಾವೇ ಕೇಳ್ಕೊಂಡು ರಾಯ್ಚೂರಿಗೆ ಹಾಕಿಸ್ಕೊಂಡ್ರು. ಎರಡು ವರ್ಷ. ಅತ್ತೆ ಅಲ್ಲೀವರ್ಗೂ ಇರ್ನಿಲ್ಲ. ಮಣ್ಣಿಗೂ ತಡವಾಗಿ ಬಂದ್ರು" ಅಂದರು.

ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. "ತಾವೇ ಕೇಳಿಕೊಂಡು ಹೋದರು ಅಂತ ಯಾರು ಹೇಳಿದ್ದು ಅಕ್ಕ?"

"ಅವ್ರೇ."

ಆಗ ನಾನು ಹೇಳಿದೆ. ಅಟ್ಟವನ್ನಲ್ಲ, ಗುಡಾಣವನ್ನಲ್ಲ. ಪೆಟ್ಟಿಗೆಯಿಂದ ರಿಸೀವರ್ ತೆಗೆದು ಬುತ್ತಿಯ ಚೀಲಕ್ಕೆ ಹಾಕಿಕೊಂಡದ್ದು ಯಾರು, ವಿಚಾರಣೆಯಲ್ಲಿ ಯಾರು ಏನಂದರು, "ಗೊತ್ತಿತ್ತಾ" ಅಂತ ಕೇಳಿದಾಗ ನಾನು ಏನಂದೆ, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಆಕೆ ಚಾಪೆಯ ಅಂಚು ಕೀಳುವುದನ್ನು ನಿಲ್ಲಿಸಿದರು.

"ಹಂಗಾದ್ರೆ ಅವ್ರು ಬೇಕೂ ಅಂತ ಹೋಗಿರ್ನಿಲ್ವಾ?"

"ಇಲ್ಲ ಅಕ್ಕ."

"ಜಗಳ ಬಂದಾಗೆಲ್ಲ ಅದೊಂದೇ ಮಾತು ಎತ್ತಿ ಆಡ್ತಿದ್ದೆ ನಾನು. ಹೆತ್ತ ತಾಯಿನೇ ಬುಟ್ಟು ಹೋದೋರು ನೀವು, ನಾನ್ಯಾವ ಲೆಕ್ಕ ಅಂತ. ಒಂದು ದಿನಾನೂ ಎದುರು ಮಾತಾಡ್ಲಿಲ್ಲ. ಎದ್ದು ಹೋಗಿ ಆ ರೇಡಿಯೋ ಮುಂದೆ ಕೂತ್ಕೊಳೋರು." ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನನ್ನು ನೇರವಾಗಿ ನೋಡಿದರು. "ನೀವು ಎರಡು ತಿಂಗಳು ಮುಂಚೆ ಬರ್ಬಾರ್ದಾಗಿತ್ತಾ?"

ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ದಿನಕ್ಕೆ ಎಷ್ಟೊಂದು ಬಸ್ಸು ಓಡಾಡುತ್ತಿದ್ದವು.

ಹೊರಡುತ್ತೇನೆ ಅಂತ ಎದ್ದೆ. ಆಕೆ ನನ್ನ ಕೈ ಹಿಡಿದು ಮತ್ತೆ ಕೂರಿಸಿದರು. ಬೈಯುತ್ತಾರೆ ಅಂದುಕೊಂಡೆ, ಬೈಸಿಕೊಳ್ಳಲು ತಯಾರಾಗಿಯೇ ಕೂತೆ.

"ಆ ಸಾಹೇಬ್ರು ಕೇಳಿದಾಗ ನಮ್ಮೋರು ಮುಂದೆ ಬಂದು ಏನೋ ಅಂದ್ರು ಅಂದ್ರಲ್ಲ" ಅಂದರು ಆಕೆ. "ಅದನ್ನ ಇನ್ನೊಂದ್ಸಲ ಹೇಳಿ."

ಹೇಳಿದೆ.